ಶಾಲಾ ಗ್ರಂಥಾಲಯಕ್ಕೆ ಪೀಠೋಪಕರಣ ಕೊಳ್ಳುವಾಗ ಏನೇನು ನೋಡಬೇಕು?

ಮಲೆನಾಡಿನ ಪ್ರಾಥಮಿಕ ಶಾಲೆಯ ಹಳೆಯ ಕೋಣೆಯೊಂದನ್ನು ಗ್ರಂಥಾಲಯವಾಗಿಸುವ ಬಗ್ಗೆ ಕೇಳಿದ್ದೀರಿ. ದರಪಟ್ಟಿ ತರಿಸುವ ಮೊದಲು ಕೋಣೆಯನ್ನು ಅಳೆದು, ಬಾಗಿಲು, ಕಿಟಕಿ, ಸ್ವಿಚ್‌ಬೋರ್ಡುಗಳನ್ನು ಕಾಗದದ ಮೇಲೆ ಗುರುತಿಸಿಕೊಳ್ಳಿ. ಬೀಗ ಹಾಕುವ ಬೀರುವಿಗಿಂತ ತೆರೆದ ರ‍್ಯಾಕೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣಿಗೆ ಕಾಣದ ಪುಸ್ತಕವನ್ನು ಮಗು ಕೇಳುವುದಿಲ್ಲ. ಮೂರನೆಯ ತರಗತಿಯ ಮಗುವಿನ ಕೈಗೆ ಎಟಕುವಂತೆ ಎತ್ತರ 4 ಅಡಿ ಮೀರದಿರಲಿ. ಹಲಗೆಯ ಅಗಲ 10 ಅಂಗುಲ ಸಾಕು, ಆದರೆ ನಡುವೆ ಆಧಾರವಿಲ್ಲದೆ ಉದ್ದ 3 ಅಡಿ ದಾಟಿದರೆ ಪುಸ್ತಕಗಳ ಭಾರಕ್ಕೆ ಅದು ಬಾಗುತ್ತದೆ. ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ತೇವಕ್ಕೆ ಉಬ್ಬುವುದರಿಂದ ಬೇಡ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುವ ಕಾರಣ ರ‍್ಯಾಕನ್ನು 2 ಅಂಗುಲ ಈಚೆಗಿಟ್ಟು, ಕೆಳಗಿನ ಹಲಗೆಯನ್ನು ನೆಲದಿಂದ ಅರ್ಧ ಅಡಿ ಮೇಲಿರಿಸಿ. ಗೆದ್ದಲು ಹತ್ತುವುದೂ ಗೋಡೆ, ನೆಲಗಳಿಂದಲೇ. ಹಣ ಸಾಲದಿದ್ದರೆ ಸದ್ಯಕ್ಕೆ ಕುರ್ಚಿಗಳನ್ನು ಬಿಟ್ಟು ಜಮಖಾನೆ ಹಾಸಿ.