ಹೈ ವೋಲ್ಟೇಜ್ ತಜ್ಞರು ನಿಜವಾಗಿ ಮಾಡುವ ಕೆಲಸವೇನು?

ಟವರ್, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲವೂ ನೂರು ವರ್ಷಗಳಿಂದ ಇರುವಂಥವೇ. ಹೀಗಿರುವಾಗ ಹೈ ವೋಲ್ಟೇಜ್ ತಜ್ಞರು ಎನಿಸಿಕೊಂಡವರಿಗೆ ದಿನವಿಡೀ ಏನು ಕೆಲಸ, ಓದಿಗೆ ಈ ವಿಭಾಗವನ್ನು ಆರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಪರೀಕ್ಷಾಲಯದಲ್ಲೂ ಸಬ್‌ಸ್ಟೇಷನ್‌ಗಳಲ್ಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಹೇಳುತ್ತಿದ್ದೇನೆ: ನಮ್ಮ ಚಿಂತೆಯಲ್ಲಿ ತಂತಿಯದು ಚಿಕ್ಕ ಪಾಲು. ತಂತಿಯ ಸುತ್ತಲಿನ ಗಾಳಿ, ಪಿಂಗಾಣಿ, ಎಣ್ಣೆ, ಕಾಗದ, ಅಂದರೆ ವಿದ್ಯುತ್ತು ಕಾಲಿಡಬಾರದ ಜಾಗಗಳೇ ನಮ್ಮ ಹೊಲ.

ವೋಲ್ಟೇಜನ್ನು ಇಮ್ಮಡಿ ಮಾಡಿದರೆ ಅಷ್ಟೇ ವಿದ್ಯುತ್ತನ್ನು ಅರ್ಧ ಕರೆಂಟ್‌ನಲ್ಲಿ ಸಾಗಿಸಬಹುದು. ತಂತಿ ಬಿಸಿಯಾಗಿ ಆಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿಲೋಮೀಟರ್ ದೂರ ಮೂರು ಫೇಸ್ ವಿದ್ಯುತ್ ಹರಿಸಿ ತೋರಿಸಿದಂದಿನಿಂದ ಎಲ್ಲರೂ ಮೇಲೇರುತ್ತಲೇ ಬಂದರು. 1952ರಲ್ಲಿ ಸ್ವೀಡನ್ 380 ಕಿಲೋವೋಲ್ಟ್‌ಗೆ ಏರಿತು, 1965ರಲ್ಲಿ ಕೆನಡಾದ ಕ್ವಿಬೆಕ್ 735ಕ್ಕೆ ಹೋಯಿತು. ಹೊರಗಿನಿಂದ ನೋಡಿದವರಿಗೆ ಇದು ಟವರ್ ಎತ್ತರವಾದ ಕಥೆ. ಒಳಗಿದ್ದವರಿಗೆ ಅದು ಗಾಳಿಯ ಮೇಲಿನ ನಂಬಿಕೆ ಅಲುಗಾಡಿದ ಕಥೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದೇ ಇದು. ಎರಡು ನುಣುಪಾದ ಲೋಹದ ತಟ್ಟೆಗಳ ನಡುವಿನ ಒಂದು ಸೆಂಟಿಮೀಟರ್ ಗಾಳಿ ಸುಮಾರು 30 ಕಿಲೋವೋಲ್ಟ್ ತಡೆಯುತ್ತದೆ. ಆ ಲೆಕ್ಕದಲ್ಲಿ ಐದು ಮೀಟರ್ ಗಾಳಿ 15,000 ಕಿಲೋವೋಲ್ಟ್ ತಡೆಯಬೇಕು. ಆದರೆ ನೆಲದ ಮೇಲ್ಗಡೆ ಒಂದು ಲೋಹದ ಸರಳನ್ನು ತೂಗುಹಾಕಿ, ಬ್ರೇಕರ್ (ಲೈನನ್ನು ಜೋಡಿಸುವ, ಕಡಿಯುವ ದೊಡ್ಡ ಸ್ವಿಚ್) ಹಾಕಿ ತೆಗೆಯುವಾಗ ಹುಟ್ಟುವಂಥ ಧನ ಧ್ರುವೀಯ ಸರ್ಜನ್ನು, ಅಂದರೆ ವೋಲ್ಟೇಜಿನ ಕ್ಷಣಿಕ ಏರಿಕೆಯನ್ನು, ಅದಕ್ಕೆ ಕೊಟ್ಟು ನೋಡಿ: ಐದು ಮೀಟರ್ ಗಾಳಿ ಸುಮಾರು 1,300 ಕಿಲೋವೋಲ್ಟ್‌ಗೇ ಸೋಲುತ್ತದೆ. ಅಂತರವನ್ನು ಹತ್ತು ಮೀಟರ್‌ಗೆ ಏರಿಸಿದರೆ 2,600 ಸಿಗುವುದಿಲ್ಲ. 2,000ದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸರಳಿನ ತುದಿಯಿಂದ ಹೊರಟ ಕಾದ, ಹೊಳೆಯುವ ಎಳೆಯೊಂದು ಗಾಳಿಯಲ್ಲಿ ಮುಂದೆ ಮುಂದೆ ಬೆಳೆಯುತ್ತಾ, ಲೋಹದ ತುದಿಯೇ ನೆಲದ ಕಡೆಗೆ ಚಾಚಿಕೊಂಡಂತೆ ಮಾಡಿಬಿಡುತ್ತದೆ. ಸಿಡಿಲಿನ ಅಲೆ ಒಂದೆರಡು ಮೈಕ್ರೋಸೆಕೆಂಡಿನಲ್ಲಿ ತುದಿಮುಟ್ಟಿ ಇಳಿಯತೊಡಗುತ್ತದೆ, ಆ ಎಳೆಗೆ ಬೆಳೆಯಲು ಅಷ್ಟು ಹೊತ್ತು ಸಾಲದು. ಬ್ರೇಕರ್‌ನಿಂದ ಹುಟ್ಟುವ ಸ್ವಿಚಿಂಗ್ ಸರ್ಜ್ ಏರುವುದು ನೂರಾರು ಮೈಕ್ರೋಸೆಕೆಂಡುಗಳಲ್ಲಿ, ಆ ಎಳೆ ಬೆಳೆಯಲು ಹೇಳಿ ಮಾಡಿಸಿದ ವೇಗ ಅದು. ಅತಿ ಹೆಚ್ಚಿನ ವೋಲ್ಟೇಜಿನ ಲೈನುಗಳಲ್ಲಿ ಸಿಡಿಲಿಗಿಂತ ನಮ್ಮದೇ ಸ್ವಿಚ್‌ಗೆ ಹೆಚ್ಚು ಹೆದರುವುದು ಇದಕ್ಕಾಗಿಯೇ. ಟವರನ್ನು ಹಿಗ್ಗಿಸುತ್ತಾ ಹೋಗುವುದರಿಂದ ಇದಕ್ಕೆ ಪರಿಹಾರವಿಲ್ಲ. ಸರ್ಜನ್ನೇ ತಗ್ಗಿಸಬೇಕು, ಮೊನಚು ಇರುವಲ್ಲೆಲ್ಲ ದುಂಡಗಿನ ಉಂಗುರ ತೊಡಿಸಬೇಕು, ಒಂದು ತಂತಿಯ ಬದಲು ನಾಲ್ಕಾರು ತಂತಿಗಳ ಗೊಂಚಲು ಕಟ್ಟಬೇಕು. ದೊಡ್ಡ ಟವರನ್ನು ಮುಂದಿನ ಸಲ ನೋಡಿದಾಗ ಇನ್ಸುಲೇಟರ್ ಸರದ ಕೆಳತುದಿಯಲ್ಲಿರುವ ಉಂಗುರವನ್ನು ಗಮನಿಸಿ. ಅದು ಅಲಂಕಾರಕ್ಕೆ ಇರುವುದಲ್ಲ.

ಟ್ರಾನ್ಸ್‌ಫಾರ್ಮರ್‌ನ ಒಳಗಿನದು ಬೇರೆಯೇ ಲೋಕ. ಅಲ್ಲಿ ತಾಮ್ರದ ಸುರುಳಿಗಳಿಗೆ ಸುತ್ತಿರುವುದು ಕಾಗದ, ಸುತ್ತ ತುಂಬಿರುವುದು ಎಣ್ಣೆ. ಎಣ್ಣೆಯನ್ನು ಸೋಸಬಹುದು, ಬದಲಿಸಬಹುದು. ಕಾಗದ ಹಾಗಲ್ಲ. ಬಿಸಿ ಮತ್ತು ತೇವ ಸೇರಿ ಅದರ ಸೆಲ್ಯುಲೋಸ್ ಸರಪಳಿಯನ್ನು ತುಂಡರಿಸುತ್ತಾ ಹೋಗುತ್ತವೆ. ಹೊಸದರಲ್ಲಿ ಸುಮಾರು ಸಾವಿರ ಕೊಂಡಿಗಳ ಸರಪಳಿ ಇನ್ನೂರಕ್ಕೆ ಇಳಿದಾಗ ಕಾಗದ ಮುಟ್ಟಿದರೆ ಮುರಿಯುತ್ತದೆ. ಟ್ರಾನ್ಸ್‌ಫಾರ್ಮರ್‌ನ ಆಯುಷ್ಯ ಎಂದರೆ ಆ ಕಾಗದದ ಆಯುಷ್ಯ. ಬಿಚ್ಚಿ ನೋಡುವಂತಿಲ್ಲವಾದ್ದರಿಂದ ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ಅಳೆದು ಒಳಗಿನ ನಾಡಿ ಹಿಡಿಯುತ್ತೇವೆ. ಹೈಡ್ರೋಜನ್ ಮಾತ್ರ ಹೆಚ್ಚಿದರೆ ಎಲ್ಲೋ ಸಣ್ಣ ಡಿಸ್ಚಾರ್ಜ್ ನಡೆದಿರಬಹುದು. ಎಥಿಲೀನ್ ಹೆಚ್ಚಿದರೆ ಯಾವುದೋ ಭಾಗ ಬಹಳ ಕಾದಿದೆ. ಅಸಿಟಿಲೀನ್ ಕಂಡರೆ ಒಳಗೆ ಕಿಡಿ ಹಾರಿದೆ ಎಂದೇ ಶಂಕಿಸಬೇಕು. ಕ್ವಿಬೆಕ್‌ನ ಮಿಶೆಲ್ ಡ್ಯುವಾಲ್ 1970ರ ದಶಕದಲ್ಲಿ ಮೀಥೇನ್, ಎಥಿಲೀನ್, ಅಸಿಟಿಲೀನ್‌ಗಳ ಪಾಲನ್ನು ಒಂದು ತ್ರಿಕೋನದಲ್ಲಿ ಗುರುತಿಸಿ ದೋಷದ ಬಗೆಯನ್ನು ಓದುವ ವಿಧಾನ ಕೊಟ್ಟರು. ಇಂದಿಗೂ ನಾನು ಮೊದಲು ಬಿಡಿಸಿಕೊಳ್ಳುವುದು ಆ ತ್ರಿಕೋನವನ್ನೇ.

ಒಮ್ಮೆ ಹೊರನೋಟಕ್ಕೆ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದ್ದ ಟ್ರಾನ್ಸ್‌ಫಾರ್ಮರ್ ಒಂದರ ಎಣ್ಣೆಯಲ್ಲಿ, ಹಿಂದಿನ ವರ್ಷ ಇಲ್ಲದ ಅಸಿಟಿಲೀನ್ ಕಾಣಿಸಿಕೊಂಡಿತು. ವಾರದ ನಂತರ ತೆಗೆದ ಮಾದರಿಯಲ್ಲಿ ಅದು ಇನ್ನೂ ಹೆಚ್ಚಿತ್ತು. ಬೇಡಿಕೆ ಏರಿದ ಕಾಲ, ಮುಂದಿನ ತಿಂಗಳು ನೋಡೋಣ ಎಂದರು ಅದನ್ನು ನಡೆಸುತ್ತಿದ್ದವರು. ನಾನು ಒಪ್ಪಲಿಲ್ಲ, ಅದರ ಪಕ್ಕದಲ್ಲಿ ದಿನಾ ಓಡಾಡುವ ಜನರಿದ್ದರು. ಎರಡು ದಿನ ವಾದ ಮಾಡಿ ನಿಲ್ಲಿಸಿದೆವು. ತೆರೆದಾಗ ಬುಶಿಂಗ್‌ನ (ತಂತಿಯನ್ನು ಟ್ರಾನ್ಸ್‌ಫಾರ್ಮರ್ ಒಳಗೆ ಒಯ್ಯುವ ನಿರೋಧಕ ಕೊಳವೆ) ಕೆಳಗಿನ ಜೋಡಣೆಯೊಂದು ಸಡಿಲವಾಗಿ, ಸುತ್ತಲ ಕಾಗದ ಕಪ್ಪಾಗಿ ಸುಟ್ಟಿತ್ತು. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಅದನ್ನು ಕಣ್ಣಾರೆ ಕಂಡ ದಿನ ಅದು. ನಮ್ಮ ಕೆಲಸ ಸರಿಯಾಗಿ ನಡೆದಾಗ ಸುದ್ದಿಯಾಗುವಂಥದ್ದು ಏನೂ ನಡೆಯುವುದಿಲ್ಲ. ನಿಮಗೆ ಕೆಲಸವೇ ಕಾಣದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಇನ್ನು ಹೊಸದೇನಿದೆ ಎಂಬ ಮಾತು. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪಕ್ಕೆ 1954ರಲ್ಲಿ ಸಮುದ್ರದಡಿಯ ಕೇಬಲ್‌ನಲ್ಲಿ 100 ಕಿಲೋವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತು, ಹರಿಯಿತು. ಈಗ ಚೀನಾದಲ್ಲಿ 1,100 ಕಿಲೋವೋಲ್ಟ್ ಡಿಸಿ ಲೈನ್ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗುತ್ತದೆ. ಡಿಸಿಯಲ್ಲಿ ಇನ್ಸುಲೇಷನ್ ನಡೆದುಕೊಳ್ಳುವ ರೀತಿಯೇ ಬೇರೆ. ಅದರೊಳಗೆ ಚಾರ್ಜ್ ಕೂಡಿಕೊಳ್ಳುತ್ತದೆ, ಬಿಸಿ ಏರಿದಂತೆ ವಿದ್ಯುತ್ ಒತ್ತಡ ಬೀಳುವ ಜಾಗವೇ ಬದಲಾಗುತ್ತದೆ. ದಿಕ್ಕು ಬದಲಿಸುತ್ತಾ ಹರಿಯುವ ಎಸಿಯಲ್ಲಿ ಪಳಗಿದವರೂ ಇಲ್ಲಿ ಮೊದಲಿನಿಂದ ಕಲಿಯಬೇಕು. ಬ್ರೇಕರ್‌ಗಳಲ್ಲಿ ತುಂಬುವ ಎಸ್‌ಎಫ್6 (ಸಲ್ಫರ್ ಹೆಕ್ಸಾಫ್ಲೋರೈಡ್) ಅನಿಲ ಅದ್ಭುತವಾದ ನಿರೋಧಕ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದ್ದು. ಅದರ ಜಾಗಕ್ಕೆ ಬರುತ್ತಿರುವ ಅನಿಲ ಮಿಶ್ರಣಗಳೂ ನಿರ್ವಾತ ಬ್ರೇಕರ್‌ಗಳೂ ಹತ್ತಾರು ವರ್ಷ ಹೇಗೆ ಬಾಳುತ್ತವೆ ಎಂದು ನೋಡಬೇಕಾದವರು ನಿಮ್ಮ ಪೀಳಿಗೆಯವರು.

ಆದ್ದರಿಂದ ಧಾರಾಳವಾಗಿ ಆರಿಸಿಕೊಳ್ಳಿ. ಮೊದಲು ವಿದ್ಯುತ್ ಕ್ಷೇತ್ರದ ಪಾಠವನ್ನು ಗಟ್ಟಿ ಮಾಡಿಕೊಳ್ಳಿ. ಯಾವುದೇ ಆಕಾರ ಕಂಡರೂ ಒತ್ತಡ ಎಲ್ಲಿ ಹೆಚ್ಚೆಂದು ಕಣ್ಣು ತಾನಾಗಿ ಹುಡುಕುವಷ್ಟು. ಪರೀಕ್ಷಾಲಯಕ್ಕೆ ಕಾಲಿಟ್ಟ ಮೊದಲ ದಿನವೇ, ಉಳಿದ ಚಾರ್ಜನ್ನು ನೆಲಕ್ಕೆ ಹರಿಸುವ ಅರ್ಥಿಂಗ್ ಕೋಲನ್ನು ಬಳಸುವುದು ಕಲಿಯಿರಿ. ವಿದ್ಯುತ್ ಕಡಿದ ಲೈನ್‌ನಲ್ಲೂ ಪಕ್ಕದ ಲೈನ್‌ನಿಂದ ಪ್ರೇರಿತವಾದ ಸಾವಿರಾರು ವೋಲ್ಟ್ ಇರಬಹುದು, ಸಂಪರ್ಕ ಕಡಿದ ಕೆಪಾಸಿಟರ್‌ನಲ್ಲೂ (ಚಾರ್ಜ್ ಕೂಡಿಡುವ ಸಾಧನ) ಚಾರ್ಜ್ ಉಳಿದಿರಬಹುದು. ಸ್ವಿಚ್ ತೆಗೆದದ್ದನ್ನು ಕಣ್ಣಿಂದ ನೋಡಿ, ವೋಲ್ಟೇಜ್ ಇಲ್ಲವೆಂದು ಅಳೆದು, ಅರ್ಥ್ ಮಾಡಿ, ಆ ಕೋಲನ್ನು ಅಲ್ಲೇ ಸಿಕ್ಕಿಸಿಟ್ಟ ಮೇಲೆ ಕೈ ಹಾಕಿ. ನನ್ನ ಗುರುಗಳು ಇದನ್ನು ಒಮ್ಮೆಯೂ ತಪ್ಪಿಸಿದ್ದನ್ನು ನಾನು ಕಾಣಲಿಲ್ಲ, ನಿವೃತ್ತಿಯ ದಿನದ ಪರೀಕ್ಷೆಯಲ್ಲೂ.