ಗೋಣಿಯ ಹಿಂಬದಿಯಿಂದ ಬಂದ ಬಣ್ಣ

ಪ್ರಶ್ನೆ: ಹಳೆಯ ಗೋಣಿಚೀಲಗಳಿಗೆ ತೇಪೆ ಹಾಕಿ ಮಾರುವುದು ನನ್ನ ಕಸುಬು. ಚಿತ್ರಕಲೆ ಓದುತ್ತಿರುವ ಮಗಳು ಮೊಬೈಲಿನಲ್ಲಿ ಹಾ ಚೋಂಗ್-ಹ್ಯುನ್ ಎಂಬ ಕೊರಿಯಾದ ಕಲಾವಿದರ ಚಿತ್ರ ತೋರಿಸಿದಳು. ಗೋಣಿಯಂಥ ಬಟ್ಟೆ, ಅದರ ಮೇಲೆ ಮಾಸಲು ಬಿಳಿ, ಅಷ್ಟೇ. ಜೀವನವಿಡೀ ಇದನ್ನೇ ಮಾಡಿದರಂತೆ. ಇದರಲ್ಲಿ ಕಷ್ಟವೇನಿದೆ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಯಜಮಾನರೇ, ದಬ್ಬಣ ಹಿಡಿದ ಕೈಗೆ ಈ ಚಿತ್ರ ಬೇಗ ಅರ್ಥವಾಗಬೇಕು. ಮೊಬೈಲಿನ ಗಾಜು ಅದನ್ನು ಚಪ್ಪಟೆ ಮಾಡಿಬಿಟ್ಟಿದೆ. ಆ ಬಿಳಿಯನ್ನು ಮುಂದಿನಿಂದ ಬಳಿದಿಲ್ಲ. ಬಟ್ಟೆಯ ಹಿಂಬದಿಗೆ ಎಣ್ಣೆಬಣ್ಣವನ್ನು ದಪ್ಪಗೆ ಮೆತ್ತಿ, ಮರದ ಉಪಕರಣದಿಂದ ಒತ್ತಿ ಒತ್ತಿ ನೇಯ್ಗೆಯ ಸಂದುಗಳಿಂದ ಈಚೆಗೆ ತಳ್ಳಿದ್ದಾರೆ. ತಡಿಕೆಗೆ ಮಣ್ಣು ಮೆತ್ತುವಾಗ ಆಚೆ ಬದಿಯಲ್ಲಿ ಗಂಟು ಗಂಟಾಗಿ ಇಣುಕುತ್ತದಲ್ಲ, ಹಾಗೆ. ಈಚೆಗೆ ಬಂದ ಬಣ್ಣವನ್ನು ಕೆಲವೆಡೆ ಹಾಗೇ ಬಿಡುತ್ತಾರೆ, ಕೆಲವೆಡೆ ಕುಂಚದಿಂದಲೋ ಚಾಕುವಿನಿಂದಲೋ ಎಳೆದು ಒರೆಸುತ್ತಾರೆ. ಎಲ್ಲಿ ಎಷ್ಟು ಬರಬೇಕೆಂದು ಚಿತ್ರಕಾರನೊಬ್ಬನೇ ತೀರ್ಮಾನಿಸಲಾಗದು, ನೂಲಿನ ಬಿಗಿಯೂ ತನ್ನ ಪಾಲನ್ನು ಕೇಳುತ್ತದೆ. ಇಂಥ ಚಿತ್ರದ ಮುಂದೆ ನಿಂತು 'ಧ್ಯಾನ', 'ಮೌನ' ಎಂದು ಉಸಿರೆಳೆಯುವವರನ್ನು ಕಂಡರೆ ನನಗೆ ತಾಳ್ಮೆ ಕಡಿಮೆ. ಇದು ತೋಳಿನ ಕೆಲಸ.

ಬಣ್ಣ ಏಕೆ ಒಂದೇ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನಾಲ್ಕು ಬಣ್ಣ ಹಾಕಿದ್ದರೆ ನೀವು ಬಣ್ಣ ನೋಡುತ್ತಿದ್ದಿರಿ, ಬಟ್ಟೆಯನ್ನು ನೋಡುತ್ತಿರಲಿಲ್ಲ.

ಇನ್ನು ಆ ಬಟ್ಟೆ. 1950ರಿಂದ 53ರವರೆಗೆ ನಡೆದ ಯುದ್ಧದಿಂದ ಕೊರಿಯಾ ನೆಲಕಚ್ಚಿತ್ತು. ಅಮೆರಿಕದಿಂದ ನೆರವಿನ ಧಾನ್ಯ ಬರುತ್ತಿದ್ದುದು ಇಂಥ ಒರಟು ಬಟ್ಟೆಯ ಚೀಲಗಳಲ್ಲಿ. ನುಣುಪಾದ ಕ್ಯಾನ್ವಾಸು ಕೊಳ್ಳುವುದು ಎಲ್ಲರ ಕೈಲಾಗುವ ಮಾತಾಗಿರಲಿಲ್ಲ. 1935ರಲ್ಲಿ ಕೊರಿಯಾದ ದಕ್ಷಿಣ ಭಾಗದ ಸಾಂಚೋಂಗ್‌ನಲ್ಲಿ ಹುಟ್ಟಿ, 1959ರಲ್ಲಿ ರಾಜಧಾನಿ ಸೋಲ್‌ನ ಹೋಂಗಿಕ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ಹಾ ಚೋಂಗ್-ಹ್ಯುನ್ ಆ ಹಸಿವಿನ ಕಾಲದವರು. ನಮ್ಮ ಕೋಲಾರದ ಮಂಡಿಗಳಲ್ಲಿ ರಾಗಿ ಸುರಿದ ಮೇಲೆ ಮೂಲೆಗೆ ಬೀಳುವ ಚೀಲಕ್ಕೆ ಎಷ್ಟು ಬೆಲೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಜೀವನವಿಡೀ ಇದೊಂದೇ ಎಂಬುದು ಮಾತ್ರ ಸರಿಯಲ್ಲ. 1969ರಲ್ಲಿ ಎ.ಜಿ. ಎಂಬ ಪ್ರಯೋಗಶೀಲ ಕಲಾವಿದರ ಗುಂಪಿನ ಸ್ಥಾಪಕರಲ್ಲಿ ಅವರೊಬ್ಬರು. 1970ರ ದಶಕದ ಮೊದಲ ವರ್ಷಗಳಲ್ಲಿ ವೃತ್ತಪತ್ರಿಕೆಗಳನ್ನು ರಾಶಿ ಹಾಕಿದರು, ಕ್ಯಾನ್ವಾಸಿಗೆ ಮುಳ್ಳುತಂತಿ ಬಿಗಿದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್-ಹೀ 1972ರಲ್ಲಿ ಸಂವಿಧಾನವನ್ನೇ ತಿದ್ದಿ ಅಧಿಕಾರವನ್ನು ತನ್ನ ಮುಷ್ಟಿಗೆ ತೆಗೆದುಕೊಂಡ ಕಾಲ ಅದು. ಮುಳ್ಳುತಂತಿಯನ್ನು ಬಾಯಿಬಿಟ್ಟು ವಿವರಿಸುವ ಅಗತ್ಯ ಇದ್ದಿರಲಾರದು. ಕನ್ನಡದಲ್ಲಿ 'ಸಂಯೋಗ' ಎನ್ನಬಹುದಾದ ಹೆಸರಿನ, ನಿಮ್ಮ ಮಗಳು ತೋರಿಸಿದ ಸರಣಿ ಶುರುವಾದದ್ದು 1974ರಲ್ಲಿ. ಬಿಳಿ, ಮಣ್ಣುಬಣ್ಣ, ಅಲ್ಲಿನ ಮನೆಗಳ ಹೆಂಚಿನ ಕಪ್ಪು, ನೀಲಿ ಅದರಲ್ಲಿವೆ. ಬಹಳ ವರ್ಷಗಳ ನಂತರ ಕಡುಬಣ್ಣದ ಚಿತ್ರಗಳೂ ಬಂದವು. ನನಗೆ ಅವು ಅಷ್ಟು ಹಿಡಿಸುವುದಿಲ್ಲ. ನಡುವೆ ಹೋಂಗಿಕ್‌ನಲ್ಲಿ ದೀರ್ಘಕಾಲ ಪಾಠ ಹೇಳಿದರು, 2001ರಿಂದ 2006ರವರೆಗೆ ಸೋಲ್ ಕಲಾ ಸಂಗ್ರಹಾಲಯದ ನಿರ್ದೇಶಕರಾಗಿದ್ದರು.

ಪ್ರಶ್ನೆ: ಗೋಣಿಯ ಮೇಲೆ ನಾನೂ ಹೀಗೆ ಮಾಡಿ ನೋಡಬಹುದೇ? ಯಾವ ಬಣ್ಣ ಬಳಸಲಿ?
— ಕಾಲೇಜು ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಖಂಡಿತ ಮಾಡಮ್ಮ. ಆದರೆ ಎಣ್ಣೆಬಣ್ಣದಿಂದ ಆರಂಭಿಸಬೇಡ. ದಪ್ಪಗೆ ಹಾಕಿದರೆ ಒಣಗಲು ತಿಂಗಳುಗಳೇ ಬೇಕು, ದುಡ್ಡೂ ಸುರಿಯಬೇಕು, ಲೇಪವಿಲ್ಲದ ಸೆಣಬಿನ ನೂಲನ್ನು ಎಣ್ಣೆ ಕಾಲಕ್ರಮದಲ್ಲಿ ತಿಂದುಹಾಕುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಗಟ್ಟಿಯಾಗಿರುವಂಥದ್ದು ನೋಡಿ ತೆಗೆದುಕೋ. ಚೀಲವನ್ನು ಕೊಡವಿ ದೂಳು ತೆಗೆದು, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆ. ಸಡಿಲವಿದ್ದರೆ ಒತ್ತಿದ ಕಡೆಯೆಲ್ಲ ಬಟ್ಟೆ ಹೊಟ್ಟೆಬಿಡುತ್ತದೆ, ಬಣ್ಣ ಈಚೆಗೆ ಬರುವುದಿಲ್ಲ. ನೇಯ್ಗೆ ತೀರಾ ಜಾಳಾಗಿದ್ದರೆ ಬಣ್ಣ ಜಾರಿ ನೆಲಕ್ಕೆ ಬೀಳುತ್ತದೆ, ಆದ್ದರಿಂದ ಕೆಳಗೆ ಹಳೆಯ ಪತ್ರಿಕೆ ಹಾಸಿಕೋ.