ಕ್ಯಾನ್ಸರ್‌ನಿಂದ ಗುಣಮುಖರಾದ ಮೇಲೆ ಬದುಕಿನ ಉತ್ಸಾಹ ಮರಳುವುದು ಹೇಗೆ?

ಚಿಕಿತ್ಸೆ ಮುಗಿದು ವರದಿಗಳೆಲ್ಲ ಸರಿಯಾಗಿದ್ದರೂ ಹಳೆಯ ಉತ್ಸಾಹ ಏಕೆ ಮರಳುತ್ತಿಲ್ಲ ಎಂದು ಕೇಳಿದ್ದೀರಿ. ಹಳೆಯ ಬದುಕನ್ನೇ ಹಾಗೆಯೇ ಮರಳಿ ಪಡೆಯಬೇಕೆಂಬ ಹಟವನ್ನು ಮೊದಲು ಬಿಡಬೇಕೆಂದು ನನಗನಿಸುತ್ತದೆ. ಕಿಮೋಥೆರಪಿಯ ನಂತರದ ಆಯಾಸ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದು ಸೋಮಾರಿತನವಲ್ಲ.

2011ರ ವಿಶ್ವಕಪ್‌ನಲ್ಲಿ 362 ರನ್ ಮತ್ತು 15 ವಿಕೆಟ್ ಗಳಿಸಿ ಸರಣಿಶ್ರೇಷ್ಠರಾದ ಯುವರಾಜ್ ಸಿಂಗ್, ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದ ಗೆಡ್ಡೆಗೆ ಅಮೆರಿಕದಲ್ಲಿ ಕಿಮೋಥೆರಪಿ ಪಡೆದು, 2012ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ನ್ಯೂಜಿಲೆಂಡ್ ವಿರುದ್ಧ ಮತ್ತೆ ಕಣಕ್ಕಿಳಿದರು. ಎಲ್ಲರೂ ನೆನೆಯುವುದು ಆ ದಿನವನ್ನು. ಆದರೆ ಏಕದಿನ ಪಂದ್ಯಗಳಲ್ಲಿ ಅವರ ಅತ್ಯಧಿಕ ಮೊತ್ತವಾದ 150 ರನ್ ಬಂದದ್ದು, ನಡುವೆ ತಂಡದಿಂದ ಹೊರಗುಳಿದು ಕಾದ ಮೇಲೆ, 2017ರ ಜನವರಿಯಲ್ಲಿ ಕಟಕ್‌ನಲ್ಲಿ. ಆ ನಡುವಣ ವರ್ಷಗಳೇ ನನಗೆ ಹೆಚ್ಚು ಮುಖ್ಯವೆನಿಸುತ್ತವೆ.

ಸ್ತನ ಕ್ಯಾನ್ಸರ್‌ನಿಂದ ಗುಣವಾದ ನನ್ನ ಚಿಕ್ಕಮ್ಮನಿಗೆ ಪ್ರತಿ ತಪಾಸಣೆಯ ಹಿಂದಿನ ರಾತ್ರಿ ಇಂದಿಗೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಮಲ್ಲಿಗೆ ಬಳ್ಳಿಗೆ ನೀರೆರೆದು, ಫೈಲನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ತಮ್ಮ ಸರದಿ ಬರುವವರೆಗೆ, ಹೊಸದಾಗಿ ಕೂದಲು ಉದುರಿದ ಯಾರದಾದರೂ ಪಕ್ಕದಲ್ಲಿ ಕುಳಿತು, ಅನ್ನ ಸೇರದಿದ್ದಾಗ ಗಂಜಿಯನ್ನು ಹೇಗೆ ಕುಡಿಯಬೇಕೆಂದು ತಿಳಿಸುತ್ತಾರೆ.